ಹಿರಿಯ ಗ್ರಂಥಗಳನ್ನು ಕೂಡಿ ಓದುವುದು

(ಶಾಲೆಯ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಾರ್ಷಿಕೋತ್ಸವದ ದಿನ ಮುಖ್ಯೋಪಾಧ್ಯಾಯನಾದವನು ವರದಿಯನ್ನು ಓದಿ ತನ್ನ ಸ್ಥಾನದಲ್ಲಿ ಕುಳಿತುಕೊಳ್ಳುವುದು ವಾಡಿಕೆ. ವರದಿಯು ಅಚ್ಚಾಗಿ ಈಗಾಗಲೇ ತಮ್ಮ ಕೈಸೇರಿದೆ. ಆದುದರಿಂದ ಅಧ್ಯಕ್ಷರ ಅಪ್ಪಣೆಯನ್ನು ಪಡೆದು, ನನ್ನ ಮನಸ್ಸಿನಲ್ಲಿ ಬಹುದಿನಗಳಿಂದ ಬೇರೂರಿರುವ ಒಂದು ವಿಚಾರವನ್ನು ತಮ್ಮ ಮುಂದೆ ಬಿನ್ನವಿಸಿಕೊಳ್ಳುತ್ತೇನೆ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ನಾನು ಅಧ್ಯಾಪಕವೃತ್ತಿಗೆ ಸೇರಿದ ಹೊಸತು. ಎಂಟನೆಯ ತರಗತಿಯಲ್ಲಿ ವಾಲಿವಧೆಯ ಕಥೆಯನ್ನು ಹೇಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿದ್ದ ಹುಡುಗನೊಬ್ಬನು ಎದ್ದುನಿಂತು, “ರಾಮದೇವರು ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೆ, ಮಾಷ್ಟ್ರೆ?” ಎಂದು ಕೇಳಿದನು. ಪಾಠಗಳನ್ನು ಮುಗಿಸುವ ಅವಸರ ನನಗೆ; ಪರೀಕ್ಷೆಯು ಹತ್ತಿರವಾಗಿತ್ತು. “ಅದು ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ, ಕುಳಿತುಕೊ” ಎಂದುಬಿಟ್ಟೆ. ಅವನು ಕುಳಿತುಕೊಂಡನು.

ಅದೇ ವಾರ ನೆರೆಯ ಮನೆಯೊಂದರಲ್ಲಿ ತಾಳಮದ್ದಳೆಯಿತ್ತು. ಪ್ರಸಂಗವೂ ದೈವಯೋಗದಿಂದ ವಾಲಿವಧೆಯೇ. ವಾಲಿಯ ಅರ್ಥಧಾರಿಯು ಬಿದ್ದಲ್ಲಿಂದಲೇ ರಾಮನನ್ನು ಕೇಳಿದನು: “ನಾನು ಬೇರೊಬ್ಬನೊಡನೆ ಕಾದುತ್ತಿದ್ದಾಗ ನನ್ನನ್ನು ಮರೆಯಿಂದ ಹೊಡೆದೆಯಲ್ಲ, ನಿನ್ನ ನಾಡಿಗೆ ನಾನೇನು ಕೇಡು ಬಗೆದಿದ್ದೆ? ಸೀತೆಯನ್ನು ತರುವುದಷ್ಟೇ ನಿನಗೆ ಬೇಕಾಗಿದ್ದರೆ ನನ್ನನ್ನು ಕೇಳಬಹುದಿತ್ತಲ್ಲ!” ರಾಮನ ಅರ್ಥಧಾರಿಯು ಸುಮ್ಮನಿರಲಿಲ್ಲ. ಈ ನೆಲ ಇಕ್ಷ್ವಾಕುಗಳ ಆಳ್ವಿಕೆಗೆ ಒಳಪಟ್ಟದ್ದು, ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನಿಗೆ ದಂಡನೆಯೇ ಧರ್ಮ, ಮೃಗವನ್ನು ಬೇಟೆಯಾಡುವವನು ಮರೆಯಲ್ಲಿ ನಿಲ್ಲುವುದು ನಿಷಿದ್ಧವಲ್ಲ ಎಂದು ಒಂದೊಂದಾಗಿ ಉತ್ತರ ಕೊಟ್ಟನು. ಗಂಟೆಗೂ ಮಿಕ್ಕಿ ಈ ವಾದ ಸಾಗಿತು. ಜಗಲಿಯ ಮೂಲೆಯಲ್ಲಿ ಅಜ್ಜನ ಪಕ್ಕದಲ್ಲಿ ನನ್ನ ಆ ವಿದ್ಯಾರ್ಥಿಯು ರೆಪ್ಪೆ ಮುಚ್ಚದೆ ಕುಳಿತಿದ್ದನು. ನಾನು ತರಗತಿಯಲ್ಲಿ ಅದುಮಿದ ಪ್ರಶ್ನೆಯನ್ನೇ ಊರ ಹಿರಿಯರು ದೀಪವಿಟ್ಟು, ಮದ್ದಳೆ ಬಾರಿಸಿ, ಗೌರವದಿಂದ ಕೈಗೆತ್ತಿಕೊಂಡಿದ್ದರು.

ಮರುದಿನವಾದರೂ ನಾನು ಆ ಪ್ರಶ್ನೆಗೆ ಮರಳಬೇಕಿತ್ತು. ಮರಳಲಿಲ್ಲ. ಆ ಹುಡುಗನು ಈಗ ಪರಸ್ಥಳದಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾನೆ. ಕೆಲವು ಕಾಲದ ಹಿಂದೆ ಊರಿಗೆ ಬಂದಾಗ ನನ್ನನ್ನು ಕಾಣಲು ಬಂದಿದ್ದನು. ನಾನು ಆ ಮಾತನ್ನೆತ್ತಿ ಕ್ಷಮೆ ಕೇಳಿದೆ. ಅವನು ನಕ್ಕು, “ಯಾವ ಪ್ರಶ್ನೆ, ಮಾಷ್ಟ್ರೆ?” ಎಂದನು. ಅವನು ನನ್ನ ಮೇಲೆ ಕೋಪಿಸಿಕೊಂಡಿದ್ದರೆ ನನಗೆ ಅಷ್ಟು ನೋವಾಗುತ್ತಿರಲಿಲ್ಲ. ಪ್ರಶ್ನೆಯೇ ಸತ್ತುಹೋಗಿತ್ತು.

ಮಹನೀಯರೆ, ಹಿರಿಯ ಗ್ರಂಥವೆಂದರೇನು? ಪೂಜೆಯ ಕೋಣೆಯಲ್ಲಿ ರೇಷ್ಮೆವಸ್ತ್ರ ಸುತ್ತಿಟ್ಟದ್ದೆಲ್ಲವೂ ಹಿರಿಯ ಗ್ರಂಥವಾಗಲಾರದು. ಒಂದು ತಲೆಮಾರಿಗೆ ಉತ್ತರಿಸಿ ಮುಗಿಯದ ಪ್ರಶ್ನೆಯನ್ನು ಯಾವುದು ಮುಂದಿನ ತಲೆಮಾರಿಗೆ ದಾಟಿಸುವುದೋ ಅದೇ ಹಿರಿಯ ಗ್ರಂಥ. ಅಂತಹ ಪ್ರಶ್ನೆಯ ಭಾರವನ್ನು ಒಬ್ಬನೇ ಹೊರುವುದು ಕಷ್ಟ. ಆದುದರಿಂದಲೇ ಅದನ್ನು ನಾಲ್ವರು ಕೂಡಿ ಓದಬೇಕು.

ಇದು ನನ್ನ ಸ್ವಂತ ಆವಿಷ್ಕಾರವಲ್ಲ. ಅಮೆರಿಕಾ ದೇಶದ ನ್ಯೂಯಾರ್ಕ್ ನಗರದ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಜಾನ್ ಅರ್ಸ್ಕಿನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರಿದ್ದರು. ವಿದ್ಯಾರ್ಥಿಗಳು ಗ್ರಂಥಗಳ ಬಗ್ಗೆ ಬರೆದ ಪುಸ್ತಕಗಳನ್ನು ಓದುತ್ತಾರೆಯೇ ಹೊರತು ಗ್ರಂಥಗಳನ್ನೇ ಓದುವುದಿಲ್ಲವೆಂಬ ವ್ಯಥೆ ಅವರದು. ವಾರಕ್ಕೊಂದು ಹಿರಿಯ ಗ್ರಂಥವನ್ನು ಓದಿಸಿ ಚರ್ಚಿಸುವ ತರಗತಿಯೊಂದನ್ನು ತೆರೆಯಬೇಕೆಂದು ಅವರು ಸೂಚಿಸಿದಾಗ ಪಂಡಿತರು ಒಪ್ಪಲಿಲ್ಲ. ಹೋಮರನನ್ನು ಅನುವಾದದಲ್ಲಿ, ಅದೂ ಒಂದು ವಾರದಲ್ಲಿ ಓದುವುದೆಂದರೇನು ಎಂದು ಆಕ್ಷೇಪಿಸಿದರು. ಈ ಗ್ರಂಥಗಳು ಪಂಡಿತರಿಗಾಗಿ ಹುಟ್ಟಿದವಲ್ಲ, ತಮ್ಮ ಕಾಲದ ಸಾಮಾನ್ಯ ಜನರಿಗಾಗಿ ಹುಟ್ಟಿದವು ಎಂಬುದು ಅರ್ಸ್ಕಿನ್ನರ ಸಮಾಧಾನ. ಕೊನೆಗೆ 1920ರಲ್ಲಿ ಆ ತರಗತಿಯು ಆರಂಭವಾಯಿತು. ಅದರ ಒಂದು ವೈಶಿಷ್ಟ್ಯವನ್ನು ತಾವು ಗಮನಿಸಬೇಕು. ಒಂದೊಂದು ಗುಂಪಿಗೂ ಇಬ್ಬರು ಅಧ್ಯಾಪಕರು. ಇಬ್ಬರ ಅಭಿಪ್ರಾಯವೂ ಒಂದೇ ಆಗಿರಬೇಕಾಗಿರಲಿಲ್ಲ. ನಮ್ಮ ವಾಲಿ ಮತ್ತು ರಾಮರ ಅರ್ಥಧಾರಿಗಳಂತೆಯೇ ಎನ್ನಲಡ್ಡಿಯಿಲ್ಲ.

ಆ ತರಗತಿಯಲ್ಲಿ ಕಲಿತವರಲ್ಲಿ ಮಾರ್ಟಿಮರ್ ಆಡ್ಲರ್ ಎಂಬ ತರುಣನೊಬ್ಬನಿದ್ದನು. ವಿದ್ಯಾರ್ಥಿಗಳೆ, ಈತನ ಕಥೆಯನ್ನು ನೀವು ಕೇಳಬೇಕು. 1902ರಲ್ಲಿ ಹುಟ್ಟಿದ ಈತನು ಹದಿನಾಲ್ಕನೆಯ ವಯಸ್ಸಿನಲ್ಲಿ ಶಾಲೆಯನ್ನು ಬಿಟ್ಟು ಒಂದು ಪತ್ರಿಕಾ ಕಚೇರಿಯಲ್ಲಿ ಕೆಲಸಕ್ಕೆ ಸೇರಿದನು. ಜಾನ್ ಸ್ಟುವರ್ಟ್ ಮಿಲ್ ಎಂಬ ದಾರ್ಶನಿಕನ ಆತ್ಮಕಥೆಯನ್ನು ಓದುತ್ತಿದ್ದಾಗ, ಮಿಲ್ಲನು ತೀರ ಎಳೆಯ ವಯಸ್ಸಿನಲ್ಲಿಯೇ ಪ್ಲೇಟೋವನ್ನು ಓದಿದ್ದನೆಂಬುದು ತಿಳಿಯಿತು. ತಾನಿನ್ನೂ ಓದಿಲ್ಲವಲ್ಲ ಎಂಬ ನಾಚಿಕೆ ಆತನನ್ನು ಪ್ಲೇಟೋವಿನೆಡೆಗೂ ಅಲ್ಲಿಂದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೂ ಕರೆದೊಯ್ದಿತು. ಅಲ್ಲಿ ವ್ಯಾಯಾಮ ಶಿಕ್ಷಣವನ್ನು ಪೂರೈಸದ ಕಾರಣ ಬಿ.ಎ. ಪದವಿ ಆಗ ದೊರೆಯಲಿಲ್ಲ. 1983ರಲ್ಲಿ, ಎಂಬತ್ತನ್ನು ದಾಟಿದ ಮೇಲೆ, ದೊರೆಯಿತು! ನಮ್ಮ ಡ್ರಿಲ್ ಮಾಸ್ತರರು ಈ ಕಥೆಯನ್ನು ಬೇರೊಂದು ನೀತಿಗಾಗಿ ಬಳಸಿಕೊಳ್ಳಬಹುದು.

ರಾಬರ್ಟ್ ಹಚಿನ್ಸ್ ಅವರು 1929ರಲ್ಲಿ, ತಮ್ಮ ಮೂವತ್ತನೆಯ ವಯಸ್ಸಿನಲ್ಲಿ, ಶಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದರು. ಅವರು ಆಡ್ಲರರನ್ನು ಕರೆಸಿಕೊಂಡು, ಇಬ್ಬರೂ ಸೇರಿ ಹೊಸ ವಿದ್ಯಾರ್ಥಿಗಳಿಗೆ ಹಿರಿಯ ಗ್ರಂಥಗಳನ್ನು ಓದಿಸತೊಡಗಿದರು. 1943ರಲ್ಲಿ ನಗರದ ವ್ಯಾಪಾರಿಗಳೂ ಅವರ ಪತ್ನಿಯರೂ ಕೂಡಿ ಓದುವ ಒಂದು ಕೂಟ ಪ್ರಾರಂಭವಾಯಿತು. 1947ರಲ್ಲಿ ಇಂತಹ ಕೂಟಗಳನ್ನು ಊರೂರಿಗೆ ಹಬ್ಬಿಸಲು ಪ್ರತಿಷ್ಠಾನವೊಂದು ಸ್ಥಾಪಿತವಾಯಿತು. 1952ರಲ್ಲಿ ಹೋಮರನಿಂದ ಫ್ರಾಯ್ಡನವರೆಗಿನ 74 ಲೇಖಕರ 443 ಕೃತಿಗಳು 54 ಸಂಪುಟಗಳಲ್ಲಿ ಅಚ್ಚಾದವು.

ಆ ಸಂಪುಟಗಳನ್ನು ನಾನು ಕುರುಡಾಗಿ ಹೊಗಳುವವನಲ್ಲ. ಅವುಗಳಲ್ಲಿ ನಮ್ಮ ವ್ಯಾಸ ವಾಲ್ಮೀಕಿಗಳಿಲ್ಲ, ಬುದ್ಧನಿಲ್ಲ, ಚೀನದ ಋಷಿಗಳಿಲ್ಲ. 1952ರ ಆವೃತ್ತಿಯಲ್ಲಿ ಒಬ್ಬ ಲೇಖಕಿಯೂ ಇರಲಿಲ್ಲ. 1990ರ ಪರಿಷ್ಕರಣದಲ್ಲಷ್ಟೇ ಕೆಲವರಿಗೆ ಎಡೆ ದೊರೆಯಿತು. ಎಷ್ಟೋ ಮನೆಗಳಲ್ಲಿ ಆ ಸಂಪುಟಗಳು ಓದುವುದಕ್ಕಿಂತ ಹೆಚ್ಚಾಗಿ ದಿವಾನಖಾನೆಯ ಅಲಂಕಾರಕ್ಕೆ ಒದಗಿದವೆಂದು ಅಲ್ಲಿಯವರೇ ಹಾಸ್ಯ ಮಾಡಿದ್ದುಂಟು. ಆದುದರಿಂದ ನಾವು ಎರವಲು ತರಬೇಕಾದುದು ಅವರ ಪಟ್ಟಿಯನ್ನಲ್ಲ, ಅವರ ಪದ್ಧತಿಯನ್ನು.

ಆ ಪದ್ಧತಿಯು ಬಹಳ ಸರಳ. ಒಂದನೆಯದು, ಗ್ರಂಥವನ್ನು ಓದಿ ಬಂದವರು ಮಾತ್ರ ಮಾತನಾಡಬೇಕು. ಎರಡನೆಯದು, ಮಾತು ಗ್ರಂಥವನ್ನು ಬಿಟ್ಟು ಅಲೆಯಬಾರದು. ಮೂರನೆಯದು, ಯಾವ ಅಭಿಪ್ರಾಯವನ್ನು ಹೇಳಿದರೂ ಅದಕ್ಕೆ ಗ್ರಂಥದಿಂದಲೇ ಆಧಾರವನ್ನು ತೋರಿಸಬೇಕು. ನಾಲ್ಕನೆಯದು, ಮುಂದಾಳಾದವನು ಪ್ರಶ್ನೆಗಳನ್ನಷ್ಟೇ ಕೇಳಬೇಕು, ಉತ್ತರಗಳನ್ನು ಹೇಳಬಾರದು. ಅವನು ಕೇಳುವ ಪ್ರಶ್ನೆಯಾದರೂ ಅವನಿಗೇ ನಿಜವಾಗಿ ಸಂಶಯವಿರುವಂಥದಾಗಿರಬೇಕು. ಈ ನಾಲ್ಕನೆಯ ನಿಯಮ ಅಧ್ಯಾಪಕರಾದ ನಮಗೆ ಎಷ್ಟು ಕಠಿನವೆಂಬುದನ್ನು ನಾನು ಹೇಳಬೇಕಾಗಿಲ್ಲ.

ಈ ಪದ್ಧತಿಯ ಆದಿಗುರು ಅಥೆನ್ಸಿನ ಸಾಕ್ರೆಟೀಸ್. ಆತನು ಒಂದು ಗ್ರಂಥವನ್ನೂ ಬರೆಯದೆ, ಪ್ರಶ್ನೆಗಳನ್ನು ಕೇಳುತ್ತಲೇ ಬಾಳಿ, ಕ್ರಿಸ್ತಪೂರ್ವ 399ರಲ್ಲಿ ತನ್ನ ಎಪ್ಪತ್ತನೆಯ ವಯಸ್ಸಿನಲ್ಲಿ ಮರಣದಂಡನೆಗೆ ಗುರಿಯಾದನು. ಸೆರೆಮನೆಯಲ್ಲಿದ್ದಾಗ ಒಂದು ದಿನ ಬೆಳಗಾಗುವ ಮುನ್ನ ಗೆಳೆಯನಾದ ಕ್ರೀಟೋ ಬಂದು, “ಕಾವಲುಗಾರನನ್ನು ಒಳಗೆ ಹಾಕಿಕೊಂಡಿದ್ದೇನೆ, ತಪ್ಪಿಸಿಕೊಂಡು ಹೋಗೋಣ” ಎನ್ನುವಂತೆ ಬೇಡಿಕೊಳ್ಳುವನು. ಆಗ ಸಾಕ್ರೆಟೀಸನು ಊರಿನ ಕಾನೂನುಗಳೇ ಎದುರು ಬಂದು ನಿಂತು ತನ್ನನ್ನು ಪ್ರಶ್ನಿಸುವುದಾಗಿ ಭಾವಿಸಿಕೊಳ್ಳುವನು. ಎಪ್ಪತ್ತು ವರ್ಷ ನಮ್ಮ ನೆರಳಿನಲ್ಲಿ ಬಾಳಿದೆ. ಒಪ್ಪಿಗೆಯಿಲ್ಲದಿದ್ದರೆ ಊರು ಬಿಟ್ಟು ಹೋಗಬಹುದಿತ್ತು. ಈಗ ನಿನಗೆ ತೊಂದರೆಯಾದಾಗ ಮಾತ್ರ ನಮ್ಮನ್ನು ಮುರಿಯುವೆಯಾ ಎಂಬುದು ಅವುಗಳ ಪ್ರಶ್ನೆ. ಆತನು ಸೆರೆಮನೆಯಲ್ಲಿಯೇ ಉಳಿದು ವಿಷವನ್ನು ಕುಡಿದನು. ಅನ್ಯಾಯದ ತೀರ್ಪಿಗೆ ತಲೆಬಾಗುವುದು ಧರ್ಮವೆ? ವಾಲಿಯ ಪ್ರಶ್ನೆಯನ್ನು ಕೇಳಿದ ನಮ್ಮ ಹಳ್ಳಿಯ ಅಜ್ಜನು ಈ ಪ್ರಶ್ನೆಯನ್ನೂ ಅರಿಯಬಲ್ಲನು. ಅಥೆನ್ಸ್ ಎಲ್ಲಿದೆಯೆಂದು ಅವನಿಗೆ ತಿಳಿಯದಿರಬಹುದು. ಧರ್ಮಸಂಕಟವೆಂದರೇನೆಂದು ಚೆನ್ನಾಗಿ ತಿಳಿದಿದೆ.

ನಮ್ಮ ನಾಡಿಗೆ ಈ ಸಂಪ್ರದಾಯ ಹೊಸತೇನೂ ಅಲ್ಲ. ಕುಂಬಳೆಯ ಪಾರ್ತಿಸುಬ್ಬನ ಹೆಸರಿನಲ್ಲಿ ಪ್ರಸಿದ್ಧವಾಗಿರುವ ರಾಮಾಯಣ ಪ್ರಸಂಗಗಳು ಹುಟ್ಟಿದ ಮಣ್ಣು ಇದು. ವಾಲಿಯ ಅರ್ಥಕ್ಕೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಇಲ್ಲಿಯವರೇ. ಮಂಜೇಶ್ವರದ ಗೋವಿಂದ ಪೈಗಳು (1883–1963) ತಂದೆಯವರ ಅಸ್ವಸ್ಥತೆಯಿಂದಾಗಿ ಬಿ.ಎ. ಪದವಿಯನ್ನು ಪೂರೈಸಲಾಗದೆ ಊರಿಗೆ ಮರಳಿದವರು. ಆದರೆ ಆ ಕಡಲತಡಿಯ ಮನೆಯಲ್ಲಿ ಕುಳಿತು ಹಲವು ಭಾಷೆಗಳ ಗ್ರಂಥಗಳನ್ನು ತರಿಸಿ ಓದಿದರು. ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿಯೂ ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿಯೂ ಕನ್ನಡಿಗರ ಕಣ್ಣ ಮುಂದೆ ತಂದರು. ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ಕವಿ ಸೊಫೊಕ್ಲೀಸನ ‘ಅಜಾಕ್ಸ್’ ನಾಟಕದ ಹದದಲ್ಲಿ ನಮ್ಮ ಅಶ್ವತ್ಥಾಮನ ದುರಂತವನ್ನು ‘ಅಶ್ವತ್ಥಾಮನ್’ ಎಂಬ ನಾಟಕವಾಗಿ ರಚಿಸಿದರು. ಕನ್ನಡವನ್ನು ಕಲಿತವನು ಬಾವಿಯ ಕಪ್ಪೆಯಾಗುವನೆಂದು ಹೇಳುವವರಿಗೆ ಈ ಇಬ್ಬರು ಮಹನೀಯರೇ ಉತ್ತರ.

ನೆರೆಯವರಿಂದಲೂ ಕಲಿಯುವುದಿದೆ. ಕರ್ಕಾಟಕ ಮಾಸದ ಜಡಿಮಳೆಯಲ್ಲಿ ನಮ್ಮ ಮಲೆಯಾಳಿ ಬಂಧುಗಳ ಮನೆಗಳಲ್ಲಿ ಎಳುತ್ತಚ್ಛನ್ನನ ಅಧ್ಯಾತ್ಮ ರಾಮಾಯಣವನ್ನು ಓದುವ ಸ್ವರ ಕೇಳಿಬರುತ್ತದೆ. ಪಿ. ಎನ್. ಪಣಿಕ್ಕರ್ ಅವರು 1945ರಲ್ಲಿ 47 ಗ್ರಂಥಾಲಯಗಳನ್ನು ಕೂಡಿಸಿ ಕಟ್ಟಿದ ಸಂಘದಿಂದ ಕೇರಳದ ಗ್ರಂಥಾಲಯ ಚಳವಳಿ ಬೆಳೆಯಿತು. ಅವರು ನಿಧನರಾದ ಜೂನ್ 19ನ್ನು ನಮ್ಮ ಶಾಲೆಯಲ್ಲಿಯೂ ವಾಚನ ದಿನವಾಗಿ ಆಚರಿಸುತ್ತೇವೆ. ಆದರೆ ಒಂದು ದಿನ ಪುಸ್ತಕವನ್ನು ಕೈಯಲ್ಲಿ ಹಿಡಿದು ಪ್ರತಿಜ್ಞೆ ಮಾಡಿ, ಉಳಿದ ದಿನಗಳಲ್ಲಿ ಗೈಡನ್ನು ಹಿಡಿದರೆ ಆ ಮಹಾನುಭಾವರಿಗೆ ಸಂದ ಗೌರವವೇನು?

ಇನ್ನು ತಾಯಿತಂದೆಗಳ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. “ಹಳೆಯ ಗ್ರಂಥಗಳಿಂದ ಹೊಟ್ಟೆ ತುಂಬೀತೆ? ಕನ್ನಡದಲ್ಲಿ ಓದಿದ ಮಗನಿಗೆ ನಾಳೆ ಯಾರು ಕೆಲಸ ಕೊಡುತ್ತಾರೆ?” ಇದು ಅಲ್ಲಗಳೆಯುವ ಪ್ರಶ್ನೆಯಲ್ಲ. 1956ರ ನವೆಂಬರ್ 1ರಂದು ಈ ಪ್ರದೇಶವು ಕೇರಳಕ್ಕೆ ಸೇರಿದಂದಿನಿಂದ ನಮ್ಮ ಹಿರಿಯರು ಇದೇ ಪ್ರಶ್ನೆಯೊಡನೆ ಹೆಣಗಿದ್ದಾರೆ. ಸಹವಾಚನದಿಂದ ಉದ್ಯೋಗ ದೊರೆಯುವುದೆಂದು ನಾನು ಸುಳ್ಳು ಭರವಸೆ ಕೊಡಲಾರೆ. ಆದರೆ ಬರೆದುದನ್ನು ಸರಿಯಾಗಿ ಗ್ರಹಿಸುವುದು, ಇನ್ನೊಬ್ಬನ ಮಾತನ್ನು ಕೊನೆಯವರೆಗೂ ಕೇಳುವುದು, ಆಧಾರವಿಲ್ಲದೆ ಮಾತನಾಡದಿರುವುದು, ತನ್ನದು ತಪ್ಪೆಂದು ಕಂಡಾಗ ಒಪ್ಪಿಕೊಳ್ಳುವುದು, ಈ ನಾಲ್ಕು ಗುಣಗಳಿಲ್ಲದೆ ಯಾವ ಉದ್ಯೋಗದಲ್ಲಿಯೂ ಮನುಷ್ಯನು ಬೆಳೆಯಲಾರನು. ನಮ್ಮ ಮಕ್ಕಳು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಹವ್ಯಕವನ್ನೋ ಮರಾಠಿಯನ್ನೋ ಆಡಿ, ಪೇಟೆಯಲ್ಲಿ ಮಲೆಯಾಳವನ್ನಾಡಿ, ಶಾಲೆಯಲ್ಲಿ ಕನ್ನಡವನ್ನೂ ಇಂಗ್ಲಿಷನ್ನೂ ಕಲಿಯುತ್ತಾರೆ. ಇದು ಬಡತನವಲ್ಲ, ಸಂಪತ್ತು. ಆದರೆ ಒಂದಾದರೂ ಭಾಷೆಯಲ್ಲಿ ಆಳವಾಗಿ ವಿಚಾರಮಾಡಲು ಅವರು ಕಲಿಯಬೇಕು. ಕನ್ನಡದಲ್ಲಿ ಅವರು ಕೇವಲ ಪರೀಕ್ಷೆಗೆ ಉತ್ತರ ಬರೆದು ನಿಲ್ಲಿಸಿದರೆ, ನಮ್ಮ ಬೆಂಚುಗಳು ಬರಿದಾಗುವುದನ್ನು ಯಾವ ಸರಕಾರದ ಆಜ್ಞೆಯೂ ತಡೆಯಲಾರದು.

ಆದುದರಿಂದ ನನ್ನ ವಿನಂತಿ ಹೀಗಿದೆ. ಮುಂದಿನ ತಿಂಗಳಿನಿಂದ ಎರಡನೆಯ ಮತ್ತು ನಾಲ್ಕನೆಯ ಶನಿವಾರ ಅಪರಾಹ್ನ 3 ಗಂಟೆಗೆ ನಮ್ಮ ಶಾಲೆಯ ವಾಚನಾಲಯದಲ್ಲಿ ಸಹವಾಚನ ಕೂಟ ಸೇರುವುದು. ಎಂಟನೆಯ ತರಗತಿಯಿಂದ ಮೇಲಿನ ವಿದ್ಯಾರ್ಥಿಗಳೂ ಅವರ ಮನೆಯವರೂ ಬರಬಹುದು. ಮೊದಲನೆಯದಾಗಿ ತೊರವೆ ರಾಮಾಯಣದ ವಾಲಿಯ ಸಂದರ್ಭ. ಎರಡನೆಯದಾಗಿ ಸಾಕ್ರೆಟೀಸನ ಸೆರೆಮನೆಯ ಸಂವಾದ. ಆಮೇಲೆ ರನ್ನನ ಗದಾಯುದ್ಧ, ಅದರೊಡನೆ ‘ಅಶ್ವತ್ಥಾಮನ್’. ವರ್ಷದ ಕೊನೆಗೆ ಬಸವಣ್ಣನವರ ವಚನಗಳು. ಓದುಬರಹ ಬಾರದ ಅಜ್ಜ ಅಜ್ಜಿಯರಿಗೆ ಮಕ್ಕಳು ಹಿಂದಿನ ದಿನವೇ ಮನೆಯಲ್ಲಿ ಓದಿ ಹೇಳಬೇಕು. ಕಿವಿಯಿಂದ ಕೇಳಿದವರನ್ನೂ ಓದಿದವರೆಂದೇ ಕೂಟವು ಎಣಿಸುವುದು; ಕುಮಾರವ್ಯಾಸ ಭಾರತವನ್ನು ನಮ್ಮ ಹಿರಿಯರಲ್ಲಿ ಬಹುಮಂದಿ ಹಾಗೆಯೇ ಓದಿದವರು. ಇಂದು ಎಷ್ಟೋ ಗ್ರಂಥಗಳು ಅಂಗೈಯ ಫೋನಿನಲ್ಲಿಯೇ ದೊರೆಯುತ್ತವೆ. ನಮಗಿರುವ ಕೊರತೆ ಪುಸ್ತಕದ್ದಲ್ಲ, ಜೊತೆಗಾರರದು.

ಮೊದಲನೆಯ ದಿನ ಮುಂದಾಳಿನ ಪೀಠದಲ್ಲಿ ನಾನು ಕುಳಿತುಕೊಳ್ಳುವೆನು. ಕೇಳುವ ಪ್ರಶ್ನೆಯನ್ನು ಈಗಲೇ ತಿಳಿಸಿಬಿಡುತ್ತೇನೆ: ರಾಮನು ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೆ? ಇದು ನನ್ನ ಪ್ರಶ್ನೆಯಲ್ಲ, ಹಿಂದಿನ ಬೆಂಚಿನ ಒಬ್ಬ ಹುಡುಗನದು. ನನ್ನಲ್ಲಿ ಇದಕ್ಕೆ ಸಿದ್ಧವಾದ ಉತ್ತರವಿಲ್ಲ. ಇಷ್ಟು ವರ್ಷಗಳ ಮೇಲಾದರೂ ಆ ಪ್ರಶ್ನೆಯನ್ನು ಎದ್ದುನಿಲ್ಲಿಸಿ, ಅದರ ಮಾತನ್ನು ಪೂರ್ತಿಯಾಗಿ ಕೇಳೋಣ. ತಾವೆಲ್ಲರೂ ದಯಮಾಡಿ ಬರಬೇಕೆಂದು ಪ್ರಾರ್ಥಿಸುತ್ತೇನೆ.