ಬೆಳಗುವುದು ಮತ್ತು ಉರಿಯುವುದು

(ಶತಮಾನೋತ್ಸವದ ಅಂಗವಾಗಿ ಜರುಗಿದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಶಾಲೆಯ ಲಾಂಛನವನ್ನು ನಮ್ಮ ಮಕ್ಕಳು ದಿನವೂ ಎದೆಯ ಮೇಲೆ ಧರಿಸುತ್ತಾರೆ. ಪ್ರಗತಿಪತ್ರದ ನೆತ್ತಿಯಲ್ಲಿ ನಾವೂ ಅದನ್ನು ಕಾಣುತ್ತೇವೆ. ಆದರೆ ನಮ್ಮ ಕಣ್ಣು ಕೆಳಗಿನ ಅಂಕಗಳತ್ತಲೇ ಓಡುತ್ತದೆ. ಇಂದು ಒಂದು ಗಳಿಗೆ ಲಾಂಛನದ ಬಳಿಯೇ ನಿಲ್ಲೋಣ.

ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜನ್ನು ಯೇಸುಸಭೆಯ ಗುರುಗಳು 1880ರಲ್ಲಿ ಆರಂಭಿಸಿದರು. ಅದರ ಲಾಂಛನದ ಧ್ಯೇಯವಾಕ್ಯ ಲತೀನ್ ಭಾಷೆಯದು: ‘ಲೂಚೆತ್ ಎತ್ ಆರ್ದೆತ್’. ‘ಬೆಳಗುತ್ತದೆ, ಉರಿಯುತ್ತದೆ’ ಎಂದು ಅದರ ಅರ್ಥ. ಈ ಮಾತಿನ ಬೇರು ಯೊವಾನ್ನರ ಶುಭಸಂದೇಶದ 5ನೆಯ ಅಧ್ಯಾಯದಲ್ಲಿದೆ. ಅಲ್ಲಿ ಯೇಸುಸ್ವಾಮಿ ಸ್ನಾನಿಕ ಯೊವಾನ್ನರನ್ನು ಉರಿದು ಬೆಳಗುವ ದೀಪವೆಂದು ಕೊಂಡಾಡುತ್ತಾರೆ. ಶುಭಸಂದೇಶದಲ್ಲಿ ಉರಿ ಮೊದಲು, ಬೆಳಕು ಅನಂತರ. ಧ್ಯೇಯವಾಕ್ಯದಲ್ಲಿ ಬೆಳಕು ಮೊದಲು. ಈ ವ್ಯತ್ಯಾಸದಲ್ಲಿಯೂ ನನಗೊಂದು ಅರ್ಥ ಕಾಣುತ್ತದೆ. ದೂರದಿಂದ ನೋಡುವವನಿಗೆ ತೋರುವುದು ಬೆಳಕು. ಹತ್ತಿರ ಬಂದವನಿಗೆ ಮಾತ್ರ ಬತ್ತಿಯ ಉರಿ ತಿಳಿಯುತ್ತದೆ.

ಆ ಸಂಸ್ಥೆಯ ಪಾಲಕ ಸಂತರನ್ನೇ ನೋಡಿರಿ. ಅಲೋಶಿಯಸ್ ಗೊನ್ಜಾಗ ಇಟಲಿಯ ಅರಸು ಮನೆತನದ ಹಿರಿಯ ಮಗ. ತಂದೆಯ ವಿರೋಧವನ್ನು ತಾಳ್ಮೆಯಿಂದ ಎದುರಿಸಿ, 1585ರಲ್ಲಿ ತಮ್ಮ ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆ ಸೇರಿದರು. 1591ರಲ್ಲಿ ರೋಮಿನಲ್ಲಿ ಸಾಂಕ್ರಾಮಿಕ ರೋಗ ಹಬ್ಬಿದಾಗ ರೋಗಿಗಳನ್ನು ಎತ್ತಿ ಒಯ್ದು ಶುಶ್ರೂಷೆ ಮಾಡಿದರು. ತಾವೂ ಸೋಂಕಿಗೆ ಗುರಿಯಾಗಿ ಜೂನ್ 21ರಂದು, 23ನೆಯ ವಯಸ್ಸಿನಲ್ಲಿ, ಪ್ರಭುವನ್ನು ಸೇರಿದರು.

ಇದು ದೂರದ ರೋಮಿನ ಕಥೆ ಮಾತ್ರವಲ್ಲ. ಮಂಗಳೂರಿಗೆ ಬಂದ ಯೇಸುಸಭೆಯ ಗುರುಗಳಲ್ಲಿ ಜರ್ಮನಿಯ ಫಾದರ್ ಆಗಸ್ಟಸ್ ಮುಲ್ಲರ್ ಒಬ್ಬರು. ಅವರು 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡತೊಡಗಿದರು. ಸಮಾಜವು ದೂರವಿಟ್ಟ ಕುಷ್ಠರೋಗಿಗಳಿಗಾಗಿ 1890ರಲ್ಲಿ ಕಂಕನಾಡಿಯಲ್ಲಿ ಆಶ್ರಯ ತೆರೆದರು. ಇಂದು ಅಲ್ಲಿ ಬೆಳೆದು ನಿಂತಿರುವ ದೊಡ್ಡ ಆಸ್ಪತ್ರೆ ಎಲ್ಲರಿಗೂ ಕಾಣುವ ಬೆಳಕು. ಆ ಗುರುವಿನ ಸವೆದ ಬದುಕು ಅದರ ಹಿಂದಿನ ಉರಿ.

ಪಾಲಕರೇ, ನಮ್ಮ ಅಂತಃಕರಣವನ್ನು ಪರೀಕ್ಷಿಸಿಕೊಳ್ಳೋಣ. ಮಕ್ಕಳು ಬೆಳಗಲಿ ಎಂದು ನಾವೆಲ್ಲರೂ ಪ್ರಾರ್ಥಿಸುತ್ತೇವೆ. ಉರಿಯಲಿ ಎಂದು ಪ್ರಾರ್ಥಿಸುವವರು ಎಷ್ಟು ಮಂದಿ? ಮಗ ವೈದ್ಯನಾಗಲೆಂದು ಹರಕೆ ಹೊರುತ್ತೇವೆ. ಅವನು ಕುಗ್ರಾಮದ ಆಸ್ಪತ್ರೆಗೆ ಹೋಗುವೆನೆಂದರೆ ನಮ್ಮ ಮುಖ ಬಾಡುತ್ತದೆ. ಮಗಳು ಕನ್ಯಾಮಠದ ಕರೆಯನ್ನು ಕುರಿತು ನುಡಿದರೆ ಮಾತು ಬದಲಿಸುತ್ತೇವೆ. ಅಲೋಶಿಯಸರ ತಂದೆಯ ಅಳುಕು ನಮ್ಮಲ್ಲಿಯೂ ಇದೆ. ಅದು ಪ್ರೀತಿಯಿಂದ ಹುಟ್ಟಿದ ಅಳುಕೇ. ಆದರೂ ದೀಪವನ್ನು ಗಾಳಿಯಿಂದ ಕಾಯುವುದು ಬೇರೆ, ಹಚ್ಚದೆಯೇ ಇಡುವುದು ಬೇರೆ.

ನಮ್ಮ ದೇವಾಲಯದಲ್ಲಿ ಪರಮಪ್ರಸಾದದ ಸನ್ನಿಧಿಯಲ್ಲಿ ನಂದಾದೀಪ ಉರಿಯುತ್ತಿದೆ. ಈ ನೂರು ವರ್ಷಗಳಲ್ಲಿ ಅದಕ್ಕೆ ಎಣ್ಣೆ ಎರೆದವರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ. ಅವರು ಉರಿದರು, ನಾವು ಬೆಳಕಿನಲ್ಲಿ ಕುಳಿತಿದ್ದೇವೆ. ನಾಳೆ ಬೆಳಿಗ್ಗೆ ಮಗುವಿನ ಅಂಗಿಯ ಲಾಂಛನವನ್ನು ಸರಿಪಡಿಸುವಾಗ, ಅದರ ಎರಡನೆಯ ಪದಕ್ಕಾಗಿಯೂ ಒಂದು ಕಿರುಪ್ರಾರ್ಥನೆಯನ್ನು ಸಲ್ಲಿಸೋಣ.

ಪ್ರಭು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.