ಹಳೆಯ ತೂಗು ಟರ್ನ್‌ಟೇಬಲ್ಲಿನ ಜೋಪಾನ



ನಮ್ಮ ಅಕ್ಕಲಕೋಟೆ, ಸೊಲ್ಲಾಪುರ, ಜತ್ತ ಸೀಮೆಯ ಕೆಲವು ಮನೆಗಳ ಟ್ರಂಕಿನಲ್ಲಿ ಇಂದಿಗೂ ಗ್ರಾಮಫೋನ್ ಪ್ಲೇಟುಗಳಿವೆ. ಮರಾಠಿಯಲ್ಲಿ ತಬಕಡಿ ಎನ್ನುತ್ತೇವಲ್ಲ, ಅವೇ. ಅವನ್ನು ಕೇಳಲೆಂದು ಮುಂಬಯಿಯ ಚೋರಬಜಾರದಿಂದಲೋ, ಪರದೇಶದಿಂದ ಮರಳಿದ ನೆಂಟರಿಂದಲೋ ಹಳೆಯ ಟರ್ನ್‌ಟೇಬಲ್ ತಂದುಕೊಂಡವರಿದ್ದಾರೆ. ಅವುಗಳಲ್ಲಿ ಸ್ಪ್ರಿಂಗಿನ ಮೇಲೆ ತೂಗುವ ಒಂದು ಬಗೆ ಇದೆ. ಅದನ್ನು ಬಳಸುವ, ಕಾಪಾಡುವ ಬಗ್ಗೆ ಇಂದು ನಾಲ್ಕು ಮಾತು. ನಾನು ಎಂಜಿನಿಯರನಲ್ಲ, ಬ್ಯಾಂಕಿನಲ್ಲಿ ಲೆಡ್ಜರು ಬರೆದು ನಿವೃತ್ತನಾದವನು. ಆದರೆ ಈ ಯಂತ್ರ ಕೇಳುವುದೂ ಗುಮಾಸ್ತನ ಗುಣವನ್ನೇ: ನಿಧಾನ, ಶಿಸ್ತು, ಲೆಕ್ಕ.

1961ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಂಬವರು ತಮ್ಮ ಅಕೌಸ್ಟಿಕ್ ರಿಸರ್ಚ್ ಕಂಪನಿಯಿಂದ ಇಂಥ ಯಂತ್ರವನ್ನು ಹೊರತಂದರು. ಥೋರೆನ್ಸ್ ಕಂಪನಿ 1965ರಲ್ಲಿ ಟಿಡಿ 150, 1972ರಲ್ಲಿ ಟಿಡಿ 160 ಎಂಬ ಮಾದರಿಗಳಲ್ಲಿ ಅದೇ ದಾರಿ ಹಿಡಿಯಿತು. ಇದರ ಗುಟ್ಟು ಸರಳ. ತಿರುಗುವ ತಟ್ಟೆ, ಸೂಜಿ ಹಿಡಿದ ತೋಳು, ಇವೆರಡೂ ಒಂದೇ ಚೌಕಟ್ಟಿನ ಮೇಲಿರುತ್ತವೆ. ಆ ಚೌಕಟ್ಟು ಮೂರು ಸ್ಪ್ರಿಂಗುಗಳ ಮೇಲೆ ತೂಗುತ್ತದೆ. ಮೋಟಾರು ಮಾತ್ರ ಹೊರಗಿನ ಪೆಟ್ಟಿಗೆಗೆ ಸೇರಿದ್ದು, ನಡುವೆ ರಬ್ಬರ್ ಬೆಲ್ಟು. ಹೀಗಾಗಿ ಮೋಟಾರಿನ ಗುರ್‌ ಎಂಬ ನಡುಕ ಸೂಜಿಗೆ ಮುಟ್ಟುವುದು ಬಹಳ ಕಡಿಮೆ. ಅಲುಗಿದರೂ ತಟ್ಟೆ, ತೋಳು ಒಟ್ಟಿಗೇ ಅಲುಗುತ್ತವೆ.

ಆದರೆ ಇದಕ್ಕೂ ಒಂದು ವೈರಿ ಇದೆ, ಕಾಲಿನ ಹೆಜ್ಜೆ. ಮರದ ಹಲಗೆಯ ಮಹಡಿಯ ಮೇಲೆ ಇಟ್ಟರೆ ಮಗು ಓಡಿದರೂ ಸೂಜಿ ಜಿಗಿಯುತ್ತದೆ. ಕಲ್ಲಿನ ನೆಲ ಒಳ್ಳೆಯದು. ಅದಕ್ಕಿಂತಲೂ ಒಳ್ಳೆಯದು, ದಪ್ಪ ಗೋಡೆಗೆ ಭದ್ರವಾಗಿ ಹೊಡೆದ ಹಲಗೆ. ಇಟ್ಟ ಮೇಲೆ ಗವಂಡಿಯ ರಸಮಟ್ಟದಿಂದ ಮೊದಲು ಪೆಟ್ಟಿಗೆಯನ್ನು, ಆಮೇಲೆ ತಟ್ಟೆಯನ್ನು ಸಮ ಮಾಡಿರಿ. ಸಾಗಾಣಿಕೆಗೆ ಬಿಗಿದ ಸ್ಕ್ರೂಗಳಿದ್ದರೆ ಸಡಿಲಿಸಲು ಮರೆಯಬೇಡಿ. ಅವು ಬಿಗಿಯಾಗಿದ್ದರೆ ಸ್ಪ್ರಿಂಗು ಇದ್ದೂ ಇಲ್ಲದಂತೆ.

ಈಗ ಪರೀಕ್ಷೆ. ಪ್ಲೇಟು ಇಟ್ಟು, ಸೂಜಿಯನ್ನು ಕೆಳಗಿಳಿಸದೆ, ತಟ್ಟೆಯ ನಡುವಿನ ಕೀಲಿನ ಬಳಿ ಮೆಲ್ಲಗೆ ಒತ್ತಿ ಬಿಡಿ. ತಟ್ಟೆ ನೇರವಾಗಿ ಮೇಲೆ ಕೆಳಗೆ ಕುಣಿಯಬೇಕು. ಪಕ್ಕಕ್ಕೆ ಓಲಾಡಿದರೆ ಸ್ಪ್ರಿಂಗು ಓರೆಯಾಗಿದೆ, ಇಲ್ಲವೆ ತೋಳಿನ ವಾಯರು ಎಳೆಯುತ್ತಿದೆ ಎಂದು ತಿಳಿಯಿರಿ. ಪೆಟ್ಟಿಗೆ ತೆರೆಯುವ ಮೊದಲು ಪ್ಲಗ್ಗು ತೆಗೆಯಿರಿ.

ಬೆಲ್ಟನ್ನು ಸೌಮ್ಯ ಸಾಬೂನು ನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ಸಡಿಲಾಗಿದ್ದರೆ ಹೊಸದನ್ನೇ ಹಾಕಿ. ತಟ್ಟೆಯ ಬೇರಿಂಗಿನ ಹಳೆಯ ಜಿಡ್ಡು ಒರೆಸಿ, ಶುದ್ಧ ಖನಿಜ ಎಣ್ಣೆಯ ಕೆಲವೇ ಹನಿ ಬಿಡಿ. ಮನೆಯಲ್ಲಿದೆ ಎಂದು ಕೊಬ್ಬರಿ ಎಣ್ಣೆ ಬಿಡಬೇಡಿ. ಚಳಿಗೆ ಗಟ್ಟಿಯಾಗುತ್ತದೆ, ಬರಬರುತ್ತ ಅಂಟಾಗುತ್ತದೆ.

ಅಮೆರಿಕದಿಂದ ಬಂದ ಯಂತ್ರವಾದರೆ ಇನ್ನೊಂದು ಎಚ್ಚರಿಕೆ. ಅಲ್ಲಿನ ವಿದ್ಯುತ್ತು 60 ಹರ್ಟ್ಸ್, ನಮ್ಮದು 50. ಈ ಯಂತ್ರಗಳ ಸಿಂಕ್ರೊನಸ್ ಮೋಟಾರು ವೋಲ್ಟೇಜಿಗಿಂತ ಹರ್ಟ್ಸನ್ನು ನೋಡಿ ಓಡುತ್ತದೆ. ಟ್ರಾನ್ಸ್‌ಫಾರ್ಮರು ಹಾಕಿ ವೋಲ್ಟೇಜು ಇಳಿಸಿದರೂ ನಿಮಿಷಕ್ಕೆ 33 ಸುತ್ತು ಬರಬೇಕಾದದ್ದು ಸುಮಾರು 28ಕ್ಕೆ ಇಳಿಯುತ್ತದೆ. ಆಗ ಷಡ್ಜದಿಂದ ಕೋಮಲ ಗಾಂಧಾರಕ್ಕೆ ಎಷ್ಟು ಅಂತರವೋ ಅಷ್ಟು ಸ್ವರ ಕೆಳಗಿಳಿಯುತ್ತದೆ. ಹಾಡಿದವರ ದನಿಯೇ ಬೇರೆ ಯಾರದೋ ಎನಿಸುತ್ತದೆ. 50 ಹರ್ಟ್ಸಿಗೆ ತಕ್ಕ ಪುಲ್ಲಿಯನ್ನು ಹಾಕಿಸಬೇಕು.

ಇನ್ನು ಸೂಜಿ. ಎಲ್ಲಕ್ಕಿಂತ ಹೆಚ್ಚು ಕಾಳಜಿ ಬೇಡುವುದು ಇದೇ. ತೋಳಿನ ಭಾರವನ್ನು ಸೂಜಿಯ ತಯಾರಕರು ಹೇಳಿದಷ್ಟೇ ಇಡಿ. ಭಾರ ಕಡಿಮೆಯಾದರೆ ಪ್ಲೇಟು ಸವೆಯುವುದಿಲ್ಲ ಎಂಬುದು ತಪ್ಪು ನಂಬಿಕೆ. ತೀರ ಹಗುರಾದ ಸೂಜಿ ಗೆರೆಯೊಳಗೆ ನಿಲ್ಲದೆ ಕುಪ್ಪಳಿಸಿ ಗೆರೆಯ ಗೋಡೆಗಳನ್ನು ಕೆತ್ತುತ್ತದೆ. ವಜ್ರದ ಸೂಜಿಯ ಆಯುಷ್ಯ ಸಾಮಾನ್ಯವಾಗಿ 500ರಿಂದ 1000 ಗಂಟೆ. ಎಲ್‌ಪಿಯ ಒಂದು ಬದಿ 20 ನಿಮಿಷವೆಂದರೆ, 500 ಗಂಟೆಗೆ 1500 ಬದಿಗಳಾದವು. ಒಂದು ನೋಟುಬುಕ್ಕಿನಲ್ಲಿ ಬದಿಗೊಂದು ಗೀಟು ಹಾಕುತ್ತ ಹೋಗಿ. ಬೆಲ್ಟು ಬದಲಿಸಿದ, ಎಣ್ಣೆ ಬಿಟ್ಟ ತಾರೀಖನ್ನೂ ಅಲ್ಲೇ ಬರೆಯಿರಿ.

ಮುಖ್ಯವಾದ ಮಾತು ಹಳೆಯ 78ರ ಪ್ಲೇಟುಗಳದು. ನಾನು ಹೆಸರಿಸಿದ ಯಂತ್ರಗಳು 33 ಮತ್ತು 45ರ ವೇಗದವು. 78ರ ಪ್ಲೇಟಿನ ಗೆರೆ ಅಗಲ. ಎಲ್‌ಪಿಯ ಸೂಜಿ ಅದರ ತಳಕ್ಕೆ ಬಿದ್ದು ಉಜ್ಜುತ್ತದೆ. ಅದಕ್ಕೆ ಬೇರೆ ಯಂತ್ರ, ಬೇರೆ ಸೂಜಿ ಬೇಕು. ಆ ಪ್ಲೇಟುಗಳನ್ನು ಸ್ಪಿರಿಟ್ಟಿನಿಂದ ಮಾತ್ರ ಒರೆಸಬೇಡಿ. ಅವು ಅರಗಿನವು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಯಾವ ಪ್ಲೇಟನ್ನೂ ಪತ್ರಾಸಿನ ಸೂರಿನ ಕೆಳಗೆ ಇಡಬೇಡಿ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಎಲ್‌ಪಿ ಹಪ್ಪಳದಂತೆ ಸೊಟ್ಟಾಗುತ್ತದೆ. ಒರಗಿಸದೆ ನೆಟ್ಟಗೆ ನಿಲ್ಲಿಸಿಡಿ.

ಇಷ್ಟೆಲ್ಲ ಏಕೆ ಎಂದು ಕೇಳಬಹುದು. ಗಂಗೂಬಾಯಿ ಹಾನಗಲ್ಲರನ್ನೇ ನೋಡಿ. ನಾವೆಲ್ಲ ಬಲ್ಲದ್ದು ಅವರ ಗಂಡುದನಿಯಂಥ ಗಂಭೀರ ಕಂಠ. ಆದರೆ 1930ರ ದಶಕದಲ್ಲಿ ಗಾಂಧಾರಿ ಎಂಬ ಹೆಸರಿನಲ್ಲಿ ಹೊರಬಂದ ಪ್ಲೇಟುಗಳಲ್ಲಿ ಇರುವುದು ತೆಳುವಾದ, ಏರುದನಿಯ ಕಂಠ. ಗಂಟಲಿನ ಚಿಕಿತ್ಸೆಯ ನಂತರ ಆ ದನಿ ಬದಲಾಯಿತು. ಆ ಮೊದಲ ದನಿಗೆ ಆ ಪ್ಲೇಟುಗಳೇ ಆಧಾರ. ನಿಮ್ಮ ಟ್ರಂಕಿನಲ್ಲಿ ಯಾವ ನಾಟಕದ ಪದ, ಯಾವ ಭಜನೆ ಇದೆಯೋ ನೋಡಿಕೊಳ್ಳಿ. ಯಂತ್ರ ಇನ್ನೊಂದು ಸಿಕ್ಕೀತು. ಸೂಜಿ ಕೆತ್ತಿಹಾಕಿದ ದನಿಯನ್ನು ಯಾವ ಬಜಾರದಲ್ಲಿ ಕೊಳ್ಳೋಣ?

ಮುಂದಿನ ಸಲ ಪ್ಲೇಟು ಹಾಕುವ ಮೊದಲು, ಸೂಜಿಯನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿರಿ.