ಕೂಸಿನ ಕಿವಿ ನಮ್ಮ ಕೈಯಲ್ಲಿ



ಹಗಲೆಲ್ಲ ಹೊಲದಲ್ಲಿ ದುಡಿದಿದ್ದೀರಿ. ರೊಟ್ಟಿ ಬಡಿದು, ಮಕ್ಕಳಿಗೆ ಉಣಿಸಿ, ಈಗ ಕಲಿಕಾ ಕೇಂದ್ರಕ್ಕೆ ಬಂದಿದ್ದೀರಿ. ನಿಮ್ಮ ದಣಿವು ನಮಗೆ ಗೊತ್ತು. ಅದಕ್ಕೇ ಇವತ್ತು ಒಂದೇ ಒಂದು ವಿಷಯ ಮಾತಾಡೋಣ. ಕಿವಿ ಕೇಳದ ಮಕ್ಕಳಿಗೆ ಹಾಕುವ ಒಂದು ಯಂತ್ರದ ವಿಷಯ.

ಅದರ ಹೆಸರು ಕಾಕ್ಲಿಯರ್ ಇಂಪ್ಲಾಂಟ್. ಹೆಸರು ಕಷ್ಟ ಐತಿ, ಹೌದು. ಅಕ್ಷರ ಬಿಡಿಸಿ ಬಿಡಿಸಿ ಎರಡು ಸಲ ಓದಿರಿ. ಬಾಯಿಗೆ ಬರುತ್ತದೆ.

"ನಮ್ಮ ಮನ್ಯಾಗ ಅಂಥ ಕೂಸು ಇಲ್ಲ, ನಮಗ್ಯಾಕ್ರಿ ಈ ಮಾತು?" ಅಂತ ಯಾರಾದರೂ ಕೇಳಬಹುದು. ನಮ್ಮ ಮನೆಯಲ್ಲಿ ಇಲ್ಲದಿದ್ದರೆ ನೆರೆಮನೆಯಲ್ಲಿ ಇರಬಹುದು. ತವರಿನಲ್ಲಿ ಇರಬಹುದು. ಆ ಕೂಸು ನಮ್ಮ ಅಂಗಳದಲ್ಲೇ ಆಡುತ್ತದೆ. ಆದ್ದರಿಂದ ಎಲ್ಲರೂ ತಿಳಿದಿರಬೇಕು.

ಯಂತ್ರ ಮನೆಗೆ ಬಂತು, ಮುಂದೇನು?

ಈ ಯಂತ್ರಕ್ಕೆ ಲಕ್ಷಗಟ್ಟಲೆ ದುಡ್ಡು ಬೇಕು. ಕೂಲಿ ಮಾಡುವವರು ಎಲ್ಲಿಂದ ತರಬೇಕು? ಅದಕ್ಕಾಗಿ ಸರ್ಕಾರದ ಯೋಜನೆಗಳಿವೆ. ಕೇಂದ್ರ ಸರ್ಕಾರದ ಅಡಿಪ್ ಯೋಜನೆಯನ್ನು 2014ರಲ್ಲಿ ಪರಿಷ್ಕರಿಸಿದಾಗ, ಒಂದು ಕೂಸಿನ ಯಂತ್ರಕ್ಕೆ 6 ಲಕ್ಷ ರೂಪಾಯಿವರೆಗೆ ಕೊಡಲು ಅವಕಾಶ ಮಾಡಿದರು. ನಮ್ಮ ರಾಜ್ಯದಲ್ಲಿ ಶ್ರವಣ ಸಂಜೀವಿನಿ ಎಂಬ ಕಾರ್ಯಕ್ರಮವೂ ಇದೆ. ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ. 1965ರಲ್ಲಿ ಶುರುವಾದ ದೊಡ್ಡ ಸಂಸ್ಥೆ ಅದು. ಕಿವಿ ಮತ್ತು ಮಾತಿನ ತೊಂದರೆಗೆ ಅಲ್ಲಿ ಪರೀಕ್ಷೆ, ತರಬೇತಿ ಎಲ್ಲ ನಡೆಯುತ್ತದೆ.

ಸರಿ, ಆಪರೇಷನ್ ಆಯಿತು. ಕೂಸು ಊರಿಗೆ ಬಂತು. ಯಂತ್ರವೂ ಬಂತು. ಇನ್ನು ಅದನ್ನು ನೋಡಿಕೊಳ್ಳುವವರು ಯಾರು? ಡಾಕ್ಟರು ದೂರದಲ್ಲಿದ್ದಾರೆ. ಲಿಂಗಸುಗೂರಿನಿಂದ ರಾಯಚೂರಿಗೇ ಸುಮಾರು 90 ಕಿಲೋಮೀಟರ್. ಮೈಸೂರಿಗೆ ಹೋಗಬೇಕೆಂದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂಡಬೇಕು. ಮನೆಯಲ್ಲಿ ಇರುವವಳು ತಾಯಿ. ಅಜ್ಜಿ. ಅಕ್ಕ. ಅಂದರೆ ನಾವೇ.

ಇಲ್ಲೇ ಒಂದು ತೊಡಕು ಬರುತ್ತದೆ. ಬೆಲೆಬಾಳುವ ವಸ್ತು ಮನೆಗೆ ಬಂದರೆ ನಾವು ಏನು ಮಾಡುತ್ತೇವೆ? ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇಡುತ್ತೇವೆ. ಹಬ್ಬಕ್ಕೊಮ್ಮೆ ತೆಗೆಯುತ್ತೇವೆ. ಬಂಗಾರಕ್ಕೆ, ರೇಷ್ಮೆ ಸೀರೆಗೆ ಅದು ಸರಿ. ಈ ಯಂತ್ರಕ್ಕೆ ಸರಿಯಲ್ಲ. "ಕೂಸು ಕೆಡವಿ ಒಡೆದೀತು, ಸಾಲಿಗೆ ಹೋಗುವಾಗ ಅಷ್ಟೇ ಹಾಕೋಣ" ಅಂತ ಎತ್ತಿಟ್ಟರೆ ಯಂತ್ರ ಉಳಿಯುತ್ತದೆ. ಕೂಸಿನ ಮಾತು ಉಳಿಯುವುದಿಲ್ಲ.

ಯಾಕೆ ಅಂತೀರಾ? ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಅದು ತಾನೇ ಗೊತ್ತಾಗುತ್ತದೆ.

ಒಳಗೊಂದು, ಹೊರಗೊಂದು

ನಮ್ಮ ಕಿವಿಯ ಒಳಗೆ, ಬಲು ಆಳದಲ್ಲಿ, ಬಸವನಹುಳದ ಚಿಪ್ಪಿನಂಥ ಒಂದು ಅಂಗ ಇದೆ. ಅದೇ ಕಾಕ್ಲಿಯ. ಸದ್ದು ಅಲ್ಲಿಗೆ ಹೋಗಿ, ಅಲ್ಲಿಂದ ನರದ ಮೂಲಕ ಮಿದುಳಿಗೆ ಹೋಗುತ್ತದೆ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಆ ಚಿಪ್ಪು ಕೆಲಸ ಮಾಡುವುದಿಲ್ಲ.

ಆಸ್ಟ್ರೇಲಿಯಾ ದೇಶದಲ್ಲಿ ಗ್ರೇಮ್ ಕ್ಲಾರ್ಕ್ ಎಂಬ ಡಾಕ್ಟರು ಇದ್ದಾರೆ. ಅವರ ತಂದೆಗೆ ಕಿವಿ ಮಂದ. ತಂದೆಯ ಕಷ್ಟ ನೋಡುತ್ತಲೇ ಬೆಳೆದ ಮಗ ಅವರು. ಸುರುಳಿ ಚಿಪ್ಪಿನೊಳಗೆ ತಂತಿ ತೂರಿಸುವುದು ಹೇಗೆ ಎಂಬುದು ಅವರಿಗೆ ದೊಡ್ಡ ಚಿಂತೆ. ಒಮ್ಮೆ ಸಮುದ್ರದ ದಂಡೆಯಲ್ಲಿ ಕೂತು, ಒಂದು ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡ ಗಟ್ಟಿ ಇದ್ದ ಎಸಳು ಸುರುಳಿಯೊಳಗೆ ಹೋಯಿತು. ತಂತಿಯನ್ನೂ ಹಾಗೇ ಮಾಡಿದರು. 1978ರಲ್ಲಿ ಮೆಲ್ಬರ್ನ್ ಊರಿನಲ್ಲಿ ಅವರ ತಂಡ ಒಬ್ಬ ಮನುಷ್ಯನಿಗೆ ಮೊದಲ ಸಲ ಅದನ್ನು ಕೂಡಿಸಿತು.

ಈ ಯಂತ್ರದಲ್ಲಿ ಎರಡು ಭಾಗ. ಒಂದನ್ನು ಆಪರೇಷನ್ ಮಾಡಿ ತಲೆಯ ಚರ್ಮದ ಕೆಳಗೆ ಇಡುತ್ತಾರೆ. ಅದು ಕಣ್ಣಿಗೆ ಕಾಣುವುದಿಲ್ಲ. ಇನ್ನೊಂದು ಹೊರಗಿನದು. ಕಿವಿಯ ಹಿಂದೆ ಕೂಡುತ್ತದೆ. ಅದರ ಹೆಸರು ಪ್ರೊಸೆಸರ್. ಅದರಿಂದ ಒಂದು ಸಣ್ಣ ವೈರು ಹೊರಟು, ರೂಪಾಯಿ ನಾಣ್ಯದ ಹಾಗಿರುವ ಬಿಲ್ಲೆಗೆ ಸೇರುತ್ತದೆ. ಬಿಲ್ಲೆಯಲ್ಲಿ ಅಯಸ್ಕಾಂತ ಇದೆ. ಅದು ತಲೆಗೆ ಅಂಟಿಕೊಂಡು ನಿಲ್ಲುತ್ತದೆ. ಇದಕ್ಕೆ ಕಾಯಿಲ್ ಎನ್ನುತ್ತಾರೆ. ವೈರು ಇಲ್ಲದೆ, ಎಲ್ಲ ಸೇರಿ ಒಂದೇ ಬಿಲ್ಲೆಯಾಗಿರುವ ಯಂತ್ರಗಳೂ ಇವೆ.

ಹೊರಗಿನ ಪ್ರೊಸೆಸರ್ ಸದ್ದು ಹಿಡಿಯುತ್ತದೆ. ಕಾಯಿಲ್ ಮೂಲಕ ಒಳಕ್ಕೆ ಕಳಿಸುತ್ತದೆ. ಒಳಗಿನ ಭಾಗಕ್ಕೆ ತನ್ನದೇ ಬ್ಯಾಟರಿ ಇಲ್ಲ. ಹೊರಗಿನದರಿಂದಲೇ ಅದಕ್ಕೆ ಕರೆಂಟು ಸಿಗಬೇಕು. ಹೊರಗಿನದನ್ನು ತೆಗೆದಿರೋ, ಆ ಕ್ಷಣವೇ ಕೂಸಿಗೆ ಏನೂ ಕೇಳದು.

ಈಗ ಲೆಕ್ಕ ಹಾಕಿರಿ. ಕೂಸು ಮಾತು ಕಲಿಯುವುದು ಮೊದಲ ಕೆಲವು ವರ್ಷಗಳಲ್ಲಿ. ಕೇಳಿ ಕೇಳಿ ಕಲಿಯುತ್ತದೆ. ರೊಟ್ಟಿ ತಟ್ಟುವ ಸದ್ದು, ಕೊಡ ತುಂಬುವ ಸದ್ದು, "ಬಾರವ್ವ" ಎಂದು ಅಜ್ಜಿ ಕರೆಯುವ ದನಿ, ಇವೆಲ್ಲ ಅದರ ಪಾಠ. ಯಂತ್ರ ಟ್ರಂಕಿನಲ್ಲಿದ್ದರೆ ಪಾಠ ನಿಂತಂತೆ. ಬೆಳಿಗ್ಗೆ ಎದ್ದಾಗ ಹಾಕಬೇಕು. ಸ್ನಾನಕ್ಕೆ ತೆಗೆಯಬೇಕು. ರಾತ್ರಿ ಮಲಗುವಾಗ ತೆಗೆಯಬೇಕು. ಉಳಿದ ಹೊತ್ತೆಲ್ಲ ತಲೆಯ ಮೇಲೆ ಇರಬೇಕು. ಹಾಕಿಕೊಂಡೇ ಕಾಪಾಡುವುದು, ಇದೇ ನಿಜವಾದ ಜೋಪಾನ.

ಬೆಳಿಗ್ಗೆ: ಆರು ಸದ್ದಿನ ಪರೀಕ್ಷೆ

ಯಂತ್ರ ಹಾಕಿದ ಮೇಲೆ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಹೇಗೆ ತಿಳಿಯುವುದು? ಸಣ್ಣ ಕೂಸಿಗೆ "ಅವ್ವಾ, ಕೇಳವಲ್ದು" ಎಂದು ಹೇಳಲು ಬಾರದು. ಆದ್ದರಿಂದ ದಿನಾಲೂ ನಾವೇ ಪರೀಕ್ಷೆ ಮಾಡಬೇಕು.

ಡೇನಿಯಲ್ ಲಿಂಗ್ ಎಂಬ ಶಿಕ್ಷಕರು ಇದಕ್ಕೆ ಒಂದು ಸುಲಭ ದಾರಿ ತೋರಿಸಿದ್ದಾರೆ. ಆರೇ ಆರು ಸದ್ದು:

ಆ, ಈ, ಊ, ಮ್, ಶ್, ಸ್.

ಇವೆಲ್ಲ ನಾವು ಕಲಿತ ಅಕ್ಷರಗಳೇ ಅಲ್ವೇನ್ರಿ? ಕೂಸಿನ ಹಿಂದೆ ನಿಲ್ಲಿರಿ. ನಿಮ್ಮ ಬಾಯಿ ಅದಕ್ಕೆ ಕಾಣಬಾರದು. ಮಾಮೂಲಿ ದನಿಯಲ್ಲಿ ಒಂದೊಂದೇ ಸದ್ದು ಹೇಳಿರಿ. ನಡುನಡುವೆ ಸುಮ್ಮನಿರಿ. ಕೇಳಿದರೆ ಕೂಸು ಕೈ ಎತ್ತಲಿ, ಇಲ್ಲವೆ ತಿರುಗಿ ನೋಡಲಿ. ದೊಡ್ಡದಾದ ಮೇಲೆ ತಾನೂ ಹಾಗೇ ಅನ್ನಲಿ. ಎರಡು ನಿಮಿಷದ ಕೆಲಸ.

ನಿನ್ನೆ ಕೇಳಿದ ಸದ್ದು ಇವತ್ತು ಕೇಳಲಿಲ್ಲ ಎಂದರೆ ಗಾಬರಿ ಬೇಡ. ಕೂಸನ್ನು ಬೈಯಬೇಡಿ. ಮೊದಲು ಬ್ಯಾಟರಿ ಬದಲಿಸಿ ನೋಡಿರಿ. ಕಾಯಿಲ್ ಸರಿಯಾದ ಜಾಗದಲ್ಲಿ ಕೂತಿದೆಯಾ ನೋಡಿರಿ. ಬೇರೆ ವೈರು ಇದ್ದರೆ ಹಾಕಿ ನೋಡಿರಿ. ಆಗಲೂ ಕೇಳದಿದ್ದರೆ ಯಂತ್ರ ಹಾಕಿದ ಆಸ್ಪತ್ರೆಗೆ ಅವತ್ತೇ ಫೋನ್ ಮಾಡಿರಿ. ನೀವೇ ಬಿಚ್ಚಬೇಡಿ. ಊರಿನ ರೇಡಿಯೋ, ಮೊಬೈಲ್ ರಿಪೇರಿಯವರ ಕೈಗೂ ಕೊಡಬೇಡಿ.

ನೀರು, ಬೆವರು, ಎಣ್ಣೆ, ಧೂಳು

ನಮ್ಮ ಭಾಗದ ಬಿಸಿಲು ನಿಮಗೆ ಹೇಳಬೇಕೇ? ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ಕೂಸು ಆಡಿ ಬಂದರೆ ತಲೆಯೆಲ್ಲ ಬೆವರು. ಬೆವರು ಯಂತ್ರದೊಳಗೆ ಇಳಿದರೆ ಕೆಡುಕು. ಒಣ ಮೆತ್ತನೆ ಬಟ್ಟೆಯಿಂದ ಆಗಾಗ ಒರೆಸಿರಿ.

ರಾತ್ರಿ ಯಂತ್ರವನ್ನು ಒಣಗಿಸುವ ಡಬ್ಬಿಯಲ್ಲಿ ಇಡಿರಿ. ಯಂತ್ರದ ಜೊತೆ ಈ ಡಬ್ಬಿ ಕೊಡುತ್ತಾರೆ. ಬಿಸಾಡುವ ಬ್ಯಾಟರಿ ಹಾಕಿದ್ದರೆ ಅದನ್ನು ಮೊದಲು ತೆಗೆದಿಡಿರಿ. ಡಬ್ಬಿಯೊಳಗೆ ತೇವ ಹೀರುವ ಕಾಳಿನಂಥ ವಸ್ತು ಇರುತ್ತದೆ. ತೇವ ತುಂಬಿದರೆ ಅದರ ಬಣ್ಣ ಬದಲಾಗುತ್ತದೆ. ಆಗ ಹೊಸದು ಹಾಕಬೇಕು. ಅದು ತಿನ್ನುವ ಕಾಳಲ್ಲ. ಮಕ್ಕಳ ಕೈಗೆ ಸಿಗಬಾರದು.

ಬೇಗ ಒಣಗಲಿ ಎಂದು ಒಲೆಯ ಹತ್ತಿರ ಇಡಬೇಡಿ. ಬಿಸಿಲಿಗೆ ಇಡಬೇಡಿ. ಹೆಚ್ಚು ಶಾಖವೂ ಯಂತ್ರಕ್ಕೆ ಆಗದು.

ತಲೆಗೆ ಎಣ್ಣೆ ಹಚ್ಚುವಾಗ ಯಂತ್ರ ತೆಗೆಯಿರಿ. ಎಣ್ಣೆ ಇಂಗಿದ ಮೇಲೆ, ಕಾಯಿಲ್ ಕೂಡುವ ಜಾಗ ಒರೆಸಿ ಹಾಕಿರಿ. ಹೋಳಿ ಹುಣ್ಣಿಮೆಯ ಬಣ್ಣದಾಟ, ಕಾಲುವೆಯ ಈಜು, ಇವಕ್ಕೆ ಮುಂಚೆ ತೆಗೆದಿಡಿರಿ. ಕಣ ಮಾಡುವಾಗ, ಹೊಟ್ಟು ತೂರುವಾಗ ಕೂಸನ್ನು ಧೂಳಿನಿಂದ ದೂರ ಕೂಡಿಸಿರಿ. ಯಂತ್ರ ತೆಗೆದಾಗ ಎಲ್ಲೆಂದರಲ್ಲಿ ಇಡಬೇಡಿ. ಅದಕ್ಕೆ ಒಂದೇ ಜಾಗ ಇರಲಿ. ನಾಯಿಗೆ ಸಿಕ್ಕರೆ ಅಗಿದು ಹಾಕುತ್ತದೆ.

ಚಟಚಟ ಎನ್ನುವ ಬಟ್ಟೆ

ಚಳಿಗಾಲದಲ್ಲಿ ನೈಲಾನ್ ಸ್ವೆಟರ್ ತೆಗೆಯುವಾಗ ಚಟಚಟ ಸದ್ದು ಕೇಳಿದ್ದೀರಲ್ಲ? ಅದು ಸಣ್ಣ ಕರೆಂಟು. ನಮಗೆ ಅದರಿಂದ ಏನೂ ಆಗದು. ಯಂತ್ರಕ್ಕೆ ತೊಂದರೆ ಆಗಬಹುದು. ಆದ್ದರಿಂದ ಬಟ್ಟೆ ಹಾಕುವಾಗ ಬಟ್ಟೆ ಮೊದಲು, ಯಂತ್ರ ಆಮೇಲೆ. ಬಟ್ಟೆ ತೆಗೆಯುವಾಗ ಯಂತ್ರ ಮೊದಲು, ಬಟ್ಟೆ ಆಮೇಲೆ. ಪ್ಲಾಸ್ಟಿಕ್ ಜಾರುಬಂಡೆಯಲ್ಲಿ ಆಡಿ ಬಂದ ಕೂಸನ್ನು ಮೊದಲು ಮೈ ಮುಟ್ಟಿರಿ. ಆಮೇಲೆ ಯಂತ್ರ ಮುಟ್ಟಿರಿ.

ಬ್ಯಾಟರಿ: ಇದನ್ನು ಮರೆಯಲೇಬೇಡಿ

ಕೆಲವು ಯಂತ್ರಗಳಿಗೆ ಗುಂಡಿಯಂಥ ಸಣ್ಣ ಬ್ಯಾಟರಿ. ಗುಳಿಗೆಯ ಹಾಗೆ ಕಾಣುತ್ತದೆ. ಮಕ್ಕಳು ಬಾಯಿಗೆ ಹಾಕುತ್ತಾರೆ, ಮೂಗಿಗೂ ತುರುಕುತ್ತಾರೆ. ಗುಂಡಿ ಬ್ಯಾಟರಿ ಗಂಟಲ ಕೆಳಗೆ ಸಿಕ್ಕಿಕೊಂಡರೆ ಎರಡು ತಾಸಿನೊಳಗೇ ಒಳಗೆಲ್ಲ ಸುಡಬಹುದು. ಜೀವಕ್ಕೇ ಅಪಾಯ.

ಹೊಸದಿರಲಿ, ಮುಗಿದದ್ದಿರಲಿ, ಬ್ಯಾಟರಿಯನ್ನು ಮುಚ್ಚಳದ ಡಬ್ಬಿಯಲ್ಲಿ, ಮೇಲಿನ ಗೂಡಿನಲ್ಲಿ ಇಡಿರಿ. ಯಂತ್ರದ ಬ್ಯಾಟರಿ ಬಾಗಿಲಿಗೆ ಚಿಕ್ಕ ಬೀಗ ಇರುತ್ತದೆ. ಸಣ್ಣ ಮಕ್ಕಳಿಗೆ ಅದನ್ನು ಹಾಕಿಯೇ ಇರಬೇಕು. ಕೂಸು ಬ್ಯಾಟರಿ ನುಂಗಿತು ಎಂದು ಅನುಮಾನ ಬಂದರೂ ಸಾಕು, ಕಾಯಬೇಡಿ. ವಾಂತಿ ಮಾಡಿಸಬೇಡಿ. 108ಕ್ಕೆ ಫೋನ್ ಮಾಡಿ, ದೊಡ್ಡ ಆಸ್ಪತ್ರೆಗೆ ಓಡಿರಿ. "ಬ್ಯಾಟರಿ ನುಂಗಿದೆ, ಎಕ್ಸ್‌ರೇ ಮಾಡ್ರಿ" ಎಂದು ಮೊದಲೇ ಹೇಳಿರಿ.

ಚಾರ್ಜ್ ಮಾಡುವ ಬ್ಯಾಟರಿ ಆದರೆ ಯಂತ್ರದ ಜೊತೆ ಬಂದ ಚಾರ್ಜರನ್ನೇ ಬಳಸಿರಿ. ಕರೆಂಟು ಇದ್ದಾಗಲೇ ಎರಡನೆಯ ಬ್ಯಾಟರಿ ತುಂಬಿಸಿಟ್ಟುಕೊಳ್ಳಿರಿ.

ಚರ್ಮ, ಪೆಟ್ಟು, ಜ್ವರ

ಕಾಯಿಲ್ ಕೂಡುವ ಜಾಗದ ಚರ್ಮವನ್ನು ದಿನವೂ ನೋಡಿರಿ. ಕೆಂಪಾಗಿದ್ದರೆ, ನೋವಿದ್ದರೆ ಅಯಸ್ಕಾಂತ ಬಿಗಿಯಾಗಿರಬಹುದು. ಆಸ್ಪತ್ರೆಯಲ್ಲಿ ಹೇಳಿದರೆ ಹಗುರವಾದದ್ದು ಹಾಕುತ್ತಾರೆ.

ತಲೆಗೆ ಪೆಟ್ಟು ಬಿದ್ದರೆ, ಆ ಜಾಗ ಊದಿಕೊಂಡರೆ, ಡಾಕ್ಟರಿಗೆ ತೋರಿಸಿರಿ. ಕಿವಿ ಸೋರಿದರೆ ಮನೆಮದ್ದು ಹಾಕಬೇಡಿ. ಜ್ವರದ ಜೊತೆ ಕುತ್ತಿಗೆ ಬಿಗಿದರೆ, ಕೂಸು ಮಂಕಾದರೆ, ವಾಂತಿ ಮಾಡಿದರೆ ತಡ ಮಾಡಬೇಡಿ. ಅದು ಮಿದುಳುಪೊರೆಯ ರೋಗ ಇರಬಹುದು. ಇಂಪ್ಲಾಂಟ್ ಹಾಕಿದ ಮಕ್ಕಳಿಗೆ ಆ ರೋಗದ ಭಯ ಸ್ವಲ್ಪ ಹೆಚ್ಚು. ಅದಕ್ಕೇ ಲಸಿಕೆ ಇದೆ. ಎಲ್ಲ ಸೂಜಿ ಹಾಕಿಸಿದೆಯಾ ಎಂದು ತಾಯಿ ಕಾರ್ಡಿನಲ್ಲಿ ಓದಿ ನೋಡಿರಿ.

ಕಾರ್ಡು ನಮ್ಮ ಬಾಯಿ

ಇಂಪ್ಲಾಂಟ್ ಹಾಕಿದ ಮೇಲೆ ಒಂದು ಕಾರ್ಡು ಕೊಡುತ್ತಾರೆ. ಅದರಲ್ಲಿ ಯಂತ್ರದ ಹೆಸರು, ನಂಬರು ಇರುತ್ತವೆ. ಅದು ರೇಷನ್ ಕಾರ್ಡಿನಷ್ಟೇ ಮುಖ್ಯ.

ಯಾಕೆಂದರೆ, ನಾಳೆ ಯಾವುದೋ ಕಾಯಿಲೆಗೆ ಬೇರೆ ಆಸ್ಪತ್ರೆಗೆ ಹೋಗುತ್ತೀರಿ. ಅಲ್ಲಿನವರಿಗೆ ಕೂಸಿನ ತಲೆಯೊಳಗೆ ಅಯಸ್ಕಾಂತ ಇದೆ ಎಂದು ಗೊತ್ತಿಲ್ಲ. ಎಂಆರ್‌ಐ ಎಂಬ ಪರೀಕ್ಷೆ ಇದೆ. ಆ ಮಷೀನು ಒಂದು ದೊಡ್ಡ ಅಯಸ್ಕಾಂತ. ಹೊರಗಿನ ಯಂತ್ರವನ್ನು ಆ ಕೋಣೆಯೊಳಕ್ಕೆ ಒಯ್ಯಲೇಬಾರದು. ಒಳಗಿನದಕ್ಕೂ, ಯಾವ ಇಂಪ್ಲಾಂಟ್ ಎಂದು ನೋಡಿ, ಅದನ್ನು ಹಾಕಿದ ಡಾಕ್ಟರನ್ನು ಕೇಳಿಯೇ ಪರೀಕ್ಷೆ ಮಾಡಬೇಕು. ತಲೆಗೆ, ಕುತ್ತಿಗೆಗೆ ಕರೆಂಟಿನ ಶಾಖ ಕೊಡುವುದೂ ಬೇಡ. ಆಪರೇಷನ್ ಏನಾದರೂ ಇದ್ದರೆ ಮೊದಲೇ ಹೇಳಬೇಕು. ಹೇಳಲು ಮಾತು ತೋಚದಿದ್ದರೆ ಕಾರ್ಡು ತೋರಿಸಿರಿ. ಕಾರ್ಡೇ ಮಾತಾಡುತ್ತದೆ.

ಅಕ್ಕಂದಿರೇ, ಈಗ ನಿಮ್ಮ ಕೈಯಲ್ಲಿ ಅಕ್ಷರ ಇದೆ. ಅದನ್ನು ಇದಕ್ಕೂ ಬಳಸಿರಿ. ಒಂದು ನೋಟುಬುಕ್ಕು ಇಡಿರಿ. ಯಂತ್ರದ ನಂಬರು ಬರೆಯಿರಿ. ಆಸ್ಪತ್ರೆಯ ಫೋನ್ ನಂಬರು ಬರೆಯಿರಿ. ಗ್ಯಾರಂಟಿ ಮುಗಿಯುವ ತಾರೀಕು ಬರೆಯಿರಿ. ಯಾವ ದಿನ ಯಾವ ಸದ್ದು ಕೇಳಲಿಲ್ಲ, ಬರೆಯಿರಿ. ಯಂತ್ರದ ಸದ್ದನ್ನು ಕೂಸಿಗೆ ತಕ್ಕಂತೆ ಹೊಂದಿಸುವುದಕ್ಕೆ ಮ್ಯಾಪಿಂಗ್ ಎನ್ನುತ್ತಾರೆ. ಅದಕ್ಕೆ ಹೋಗುವಾಗ ಆ ಪುಸ್ತಕ ಒಯ್ಯಿರಿ. ಅಲ್ಲಿನವರಿಗೆ ಬಹಳ ಉಪಯೋಗ ಆಗುತ್ತದೆ.

ಇದು ತಾಯಿ ಒಬ್ಬಳ ಕೆಲಸ ಅಲ್ಲ. ಕೂಸಿನ ಅಪ್ಪ ಕಲಿಯಲಿ. ಅತ್ತೆ ಕಲಿಯಲಿ. ಅಂಗನವಾಡಿ ಟೀಚರಿಗೆ, ಸಾಲಿ ಮಾಸ್ತರರಿಗೆ ಬ್ಯಾಟರಿ ಬದಲಿಸುವುದು ತೋರಿಸಿರಿ. ಓರಗೆಯ ಮಕ್ಕಳಿಗೂ ಹೇಳಿರಿ: "ಇದು ಇವನ ಕಿವಿ. ಎಳೀಬ್ಯಾಡ್ರಿ."

ಇನ್ನೊಂದು ಮಾತು. ಯಂತ್ರ ಸದ್ದು ಕೊಡುತ್ತದೆ. ಮಾತು ಕೊಡುವವರು ನಾವು. ನೀರು ತರುವಾಗ "ನೀರು" ಅನ್ನಿರಿ. ರೊಟ್ಟಿ ಕೊಡುವಾಗ "ರೊಟ್ಟಿ" ಅನ್ನಿರಿ. ನೂರು ಸಲ ಅನ್ನಿರಿ. ಕೂಸು ಒಂದು ಸಲ ಅಂದರೆ ಅದೇ ನಮ್ಮ ಫಲ.

ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ. ಈಗ ಎಲ್ಲರೂ ಪಾಟಿ ತೆಗೆಯಿರಿ. ಆ ಆರು ಸದ್ದು ಬರೆಯಿರಿ. ಬರೆದು ಗಟ್ಟಿಯಾಗಿ ಓದಿರಿ.